ದೆಹಲಿ ಕೋಟಾ ಮತ್ತು ಅಪ್ಪನ ತಪ್ಪು

ನಮ್ಮ ಮನೆಯಲ್ಲಿ ಶಾಲೆಯ ಪಿಕ್ನಿಕ್ಕಿಗೆ ಹೋಗಬೇಕೆಂದರೂ ಅರ್ಜಿ ಬರೆದುಕೊಡಬೇಕಿತ್ತು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಅಪ್ಪ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದರು, ಹಗಲೆಲ್ಲ ಫೈಲುಗಳಲ್ಲಿ ಮುಳುಗಿ ಬಂದವರಿಗೆ ಮನೆಯಲ್ಲೂ ಬಾಯಿಮಾತಿನ ಮೇಲೆ ನಂಬಿಕೆ ಇರಲಿಲ್ಲ. ಊಟದ ಮೇಜಿನ ಪಕ್ಕದ ಮೊಳೆಗೆ ಹಸಿರು ಹಾಳೆಗಳ ಒಂದು ಫೈಲು ನೇತಾಡುತ್ತಿತ್ತು. ನನಗೇನು ಬೇಕೋ ಅದನ್ನು ಅದರಲ್ಲಿ ಬರೆಯಬೇಕು, ಅದರ ಕೆಳಗೆ ಅಮ್ಮ ತನ್ನ ಅಭಿಪ್ರಾಯ ಬರೆಯಬೇಕು, ಸಂಜೆ ಕಾಫಿ ಕುಡಿಯುತ್ತ ಅಪ್ಪ ಎರಡನ್ನೂ ಓದಿ ಆದೇಶ ಹೊರಡಿಸಬೇಕು. ಏಳನೇ ಕ್ಲಾಸಿನಲ್ಲಿ ಕೂದಲು ಗಿಡ್ಡ ಮಾಡಿಸಿಕೊಳ್ಳಲು ಅನುಮತಿ ಕೋರಿದ್ದೆ. ಅಮ್ಮ ಬರೆದಳು: ‘ಉದ್ದ ಜಡೆಯೇ ಚೆಂದ. ಆದರೆ ಹೇನು ವಿಪರೀತ.’ ಅಪ್ಪ ಕೆಂಪು ಪೆನ್ನಿನಲ್ಲಿ ‘ಚರ್ಚಿಸಿ’ ಎಂದು ಬರೆದು, ಎರಡು ಅಕ್ಷರದ ಸಹಿ ಹಾಕಿ, ಕೆಳಗೊಂದು ಗೆರೆ ಎಳೆದು ತಾರೀಖು ನಮೂದಿಸಿದರು. ಚರ್ಚೆ ಮುಗಿಯುವಷ್ಟರಲ್ಲಿ ಬೇಸಿಗೆ ರಜೆಯೇ ಮುಗಿದಿತ್ತು. ಬಂದ ನೆಂಟರಿಗೆಲ್ಲ ಅಮ್ಮ ಈ ಫೈಲು ತೋರಿಸಿ ನಗುತ್ತಿದ್ದಳು. ನನಗೆ ಮಾತ್ರ ಮೈ ಉರಿಯುತ್ತಿತ್ತು. ಆದರೂ ಇಂದು ನಾನು ರೋಗಿಯ ಕೇಸ್ ಪೇಪರಿನಲ್ಲಿ ಒಂದು ಸಾಲನ್ನೂ ಅಸ್ಪಷ್ಟವಾಗಿ ಬರೆಯುವುದಿಲ್ಲವಾದರೆ ಅದು ಆ ಮೊಳೆಯ ಪ್ರಭಾವವೇ.

ಹತ್ತನೇ ಕ್ಲಾಸಿನವರೆಗೆ ನಾವಿದ್ದದ್ದು ದಕ್ಷಿಣ ದೆಹಲಿಯಲ್ಲಿ, ಹೌಜ್ ಖಾಸ್‌ಗೆ ಹತ್ತಿರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ಗೂಡಿನಂಥ ಅಡುಗೆಮನೆ, ಮಳೆ ಬಂದರೆ ದೇವರ ಫೋಟೋದ ಮೇಲೆಯೇ ಸೋರುವ ತಾರಸಿ. ಅಮ್ಮನಿಗೆ ಸ್ವಂತ ಮನೆಯದೇ ಜಪ. ದೆಹಲಿಯ ಗಡಿಗೆ ಅಂಟಿಕೊಂಡ, ಹರಿಯಾಣದ ಫರೀದಾಬಾದಿನಲ್ಲಿ ಬುಕ್ ಮಾಡಿದ್ದ ಫ್ಲ್ಯಾಟು ಕೊನೆಗೂ ಕೈಗೆ ಬಂದಾಗ ಅವಳು ಒಂದು ದಿನವೂ ಕಾಯಲು ತಯಾರಿರಲಿಲ್ಲ. ಮೂರನೇ ಮಹಡಿ, ಬಾಲ್ಕನಿಯಿಂದ ಎದುರಿಗೆ ಒಂದು ಕಾರ್ಖಾನೆಯ ತಗಡಿನ ಸೂರು, ಬೆಳಿಗ್ಗೆ ಆರಕ್ಕೆ ಅದರ ಸೈರನ್. ಅಮ್ಮ ಅಡುಗೆಕಟ್ಟೆಯ ಕಪ್ಪು ಕಲ್ಲನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದಳು. ತರಕಾರಿ ಗಾಡಿಯ ಭಯ್ಯಾನಿಗೆ ಮೊದಲ ವಾರವೇ ಕರಿಬೇವು ಅಂದರೆ ಏನೆಂದು ಪಾಠ ಮಾಡಿದ್ದಳು. ಆ ಮನೆಯಲ್ಲಿ ಅಮ್ಮ ಹಾಡುತ್ತ ಒಗ್ಗರಣೆ ಹಾಕಿದ್ದನ್ನು ನಾನು ಮೊದಲ ಸಲ ಕೇಳಿದೆ.

ನನ್ನ ಶಾಲೆಯ ಪ್ರಶ್ನೆ ಬಂತು. ದೆಹಲಿಯ ಹಳೆಯ ಶಾಲೆಗೇ ಮೆಟ್ರೋದಲ್ಲಿ ಹೋಗಿ ಬರಲಿ ಎಂದು ಅಪ್ಪನ ಇಷ್ಟ. ನಾನು ಹಸಿರು ಹಾಳೆಯಲ್ಲಿ ಒಂದು ಪುಟ ಬರೆದೆ: ಹೋಗಿ ಬರಲು ದಿನಕ್ಕೆ ಮೂರು ಗಂಟೆ ಬೇಕು, ನೀಟ್ ಪರೀಕ್ಷೆಗೆ ಓದಬೇಕು, ಡಾಕ್ಟರಾಗಬೇಕು, ಮನೆಯಿಂದ ಹತ್ತು ನಿಮಿಷಕ್ಕೆ ಒಳ್ಳೆಯ ಶಾಲೆಯೊಂದಿದೆ. ಅಮ್ಮ ‘ಒಪ್ಪಿಗೆ ಇದೆ’ ಎಂದಳು. ಅಪ್ಪ ಎರಡು ದಿನ ಯೋಚಿಸಿ ಆದೇಶ ಬರೆದರು: ‘ಫರೀದಾಬಾದ್ ದೆಹಲಿಯ ಭಾಗವೆಂದೇ ಪರಿಗಣಿತ. ಬಾಧಕವಿಲ್ಲ. ಅನುಮತಿಸಿದೆ.’ ಈ ‘ಪರಿಗಣಿತ’ ಎಲ್ಲಿಂದ ಬಂತೆಂದರೆ ಅವರ ಆಫೀಸಿನಿಂದ. ಕೇಂದ್ರ ಸರ್ಕಾರದ ನೌಕರರ ಮನೆ ಬಾಡಿಗೆ ಭತ್ಯೆಗೆ ಫರೀದಾಬಾದನ್ನು ದೆಹಲಿಯ ಜೊತೆಗೇ ಸೇರಿಸುತ್ತಾರೆ. ಆ ಸುತ್ತೋಲೆಯನ್ನು ಅಪ್ಪ ವರ್ಷಗಟ್ಟಲೆ ಇತರರಿಗೆ ಓದಿ ಹೇಳಿದವರು. ಭತ್ಯೆಗೆ ದೆಹಲಿಯಾದ ಊರು ಮಿಕ್ಕ ಎಲ್ಲದಕ್ಕೂ ದೆಹಲಿಯೇ ಎಂದು ಅವರು ಲೆಕ್ಕ ಹಾಕಿದರು. ಸರ್ಕಾರಿ ನೌಕರನಲ್ಲದ ಯಾವ ಅಪ್ಪನೂ ಈ ತಪ್ಪು ಮಾಡುತ್ತಿರಲಿಲ್ಲ.

ಪ್ರಯಾಣದ ಮೂರು ಗಂಟೆ ನನಗೆ ಬರೀ ನೆಪವಾಗಿತ್ತು. ಹಳೆಯ ಶಾಲೆಯಲ್ಲಿ ನಾನು ಆರು ವರ್ಷ ‘ಮದ್ರಾಸಿ’ ಆಗಿದ್ದೆ. ನನ್ನ ಡಬ್ಬಿ ತೆರೆದರೆ ಮೂಗು ಮುಚ್ಚಿಕೊಳ್ಳುವವರು, ತಲೆಯ ಎಣ್ಣೆ ವಾಸನೆಗೆ ಬೆಂಚು ಬದಲಾಯಿಸುವವರು, ನನ್ನ ಹಿಂದಿಯನ್ನು ಅಣಕಿಸಿ ಸುತ್ತಲಿದ್ದವರನ್ನು ನಗಿಸುವವರು. ಅದನ್ನು ಯಾವ ಫೈಲಿನಲ್ಲೂ ಬರೆಯಲು ನನಗೆ ನಾಚಿಕೆ. ಹೊಸ ಶಾಲೆಯಲ್ಲಿ ಮೊದಲ ದಿನವೇ ರಿತು ಎನ್ನುವ ಹುಡುಗಿ ನನ್ನ ಚಿತ್ರಾನ್ನಕ್ಕೆ ಕೈ ಹಾಕಿ, ತನ್ನ ಮೂಲಂಗಿ ಪರಾಠ ನನ್ನ ಮುಂದೆ ತಳ್ಳಿ, ನಾಳೆ ಇದನ್ನೇ ಜಾಸ್ತಿ ತಾ ಎಂದಳು. ಹದಿನಾರು ವರ್ಷಕ್ಕೆ ನನಗೊಬ್ಬಳು ಗೆಳತಿ ಸಿಕ್ಕಿದ್ದು ಹೀಗೆ.

ಶಾಲೆ ಸೇರಿ ತಿಂಗಳಾಗಿರಬಹುದು, ಜುಲೈ. ಬಯಾಲಜಿ ಮೇಡಂ ಮೆಡಿಕಲ್ ಓದುವ ಆಸೆಯಿದ್ದವರಿಗೆಲ್ಲ ಒಂದೊಂದು ಚೀಟಿ ಹಂಚಿದರು. ದೆಹಲಿಯ ಮೆಡಿಕಲ್ ಕಾಲೇಜುಗಳಲ್ಲಿ ಹೆಚ್ಚಿನ ಸೀಟುಗಳು ದೆಹಲಿಯ ಶಾಲೆಗಳಲ್ಲೇ ಹನ್ನೊಂದು, ಹನ್ನೆರಡು ಓದಿದವರಿಗೆ ಮೀಸಲು. ಈ ಶಾಲೆ ಹರಿಯಾಣದ್ದು. ಆ ಕೋಟಾ ಬೇಕಿದ್ದವರು ಈ ತಿಂಗಳೊಳಗೆ ಟಿ.ಸಿ. ತೆಗೆದುಕೊಂಡು ದೆಹಲಿಗೆ ಮರಳಬಹುದು. ಈ ಚೀಟಿ ಓದಿದ್ದೇವೆ ಎಂದು ತಂದೆ ಅಥವಾ ತಾಯಿ ಸಹಿ ಮಾಡಿ ಕಳಿಸಬೇಕು. ನಾನು ಆ ಚೀಟಿಯನ್ನು ಮೂರು ಸಲ ಓದಿದೆ. ಅರ್ಥವಾಗಲಿಲ್ಲ ಎಂದು ಹೇಳುವ ಹಾಗಿಲ್ಲ, ಎಲ್ಲ ಅರ್ಥವಾಯಿತು. ಮಾರನೇ ಬೆಳಿಗ್ಗೆ ಶಾಲೆಯ ಬಾತ್‌ರೂಮಿನಲ್ಲಿ ನಿಂತು ಎರಡು ಅಕ್ಷರ ಬರೆದು, ಕೆಳಗೊಂದು ಗೆರೆ ಎಳೆದು, ತಾರೀಖು ಹಾಕಿದೆ. ಅಪ್ಪನ ಸಹಿಯನ್ನು ಅಷ್ಟು ವರ್ಷ ನೋಡಿದ ಕೈಗೆ ಅದೇನು ಕಷ್ಟ? ಒಳ್ಳೆಯ ರ‍್ಯಾಂಕ್ ಬಂದರೆ ಕೋಟಾ ಯಾಕೆ ಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡು ವರ್ಷ ಆ ವಿಷಯ ನನ್ನ ಹೊಟ್ಟೆಯಲ್ಲೇ ಉಳಿಯಿತು.

ಅಂಥ ಒಳ್ಳೆಯ ರ‍್ಯಾಂಕೇನೂ ಬರಲಿಲ್ಲ. ಕೆಟ್ಟದ್ದೂ ಅಲ್ಲ, ನಡುವಿನದು. ಅಮ್ಮ ಪಾಯಸ ಮಾಡಿದಳು, ಅಪ್ಪ ಆಫೀಸಿನಲ್ಲಿ ಬರ್ಫಿ ಹಂಚಿದರು. ಆ ಭಾನುವಾರ ರಘು ಮಾಮ ಲ್ಯಾಪ್‌ಟಾಪ್ ಹಿಡಿದು ಬಂದ. ರಘು ಅಮ್ಮನ ತಮ್ಮ, ನೋಯ್ಡಾದ ಐ.ಟಿ. ಕಂಪನಿಯಲ್ಲಿ ಕೆಲಸ, ಎಲ್ಲದಕ್ಕೂ ಎಕ್ಸೆಲ್ ಶೀಟ್ ಮಾಡುವವನು. ಕಾಲೇಜುಗಳ ಪಟ್ಟಿಯನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನಿನಲ್ಲಿ ತುಂಬಿ ಲಾಕ್ ಮಾಡುವವರೆಗೆ ಎಲ್ಲ ತನ್ನ ಜವಾಬ್ದಾರಿ ಎಂದಿದ್ದ. ಬಿಸಿಬೇಳೆಭಾತಿನ ತಟ್ಟೆ ಪಕ್ಕಕ್ಕೆ ಸರಿಸಿ ಮೊದಲ ಕಾಲಮ್ಮಿನಲ್ಲೇ ನಿಂತುಬಿಟ್ಟ.

“ಭಾವ, ಒಂದ್ನಿಮಿಷ. ನಮ್ಮ ಶಾಲು ಹನ್ನೊಂದು, ಹನ್ನೆರಡು ಓದಿದ್ದು ಇಲ್ಲೇ ಅಲ್ವಾ, ಫರೀದಾಬಾದಲ್ಲಿ?”

“ಹೌದು. ಅದಕ್ಕೇನೀಗ?”

“ಮತ್ತೆ ದೆಹಲಿ ಕೋಟಾ ಹೇಗೆ ಬರುತ್ತೆ? ಸ್ಕೂಲ್ ದೆಹಲೀಲೇ ಇರಬೇಕು. ಇಲ್ಲಿ ನೋಡಿ, ಕ್ಲಿಯರ್ ಆಗಿ ಬರ್ದಿದ್ದಾರೆ.”

ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಮೇಲಿನಿಂದ ಓದಿದರು. ಹರಿಯಾಣದ ಕೋಟಾ ಆದರೂ ಇದೆಯಲ್ಲ ಎಂದರು. ಆ ಕೋಟಾಕ್ಕೆ ಹತ್ತನೇ ಕ್ಲಾಸೂ ಅಲ್ಲೇ ಆಗಿರಬೇಕಿತ್ತು. ನಾವು ಕನ್ನಡದವರಪ್ಪ, ಕರ್ನಾಟಕದಲ್ಲಿ ಕೇಳೋಣ ಎಂದಳು ಅಮ್ಮ. ಅಲ್ಲಿ ಏಳು ವರ್ಷ ಓದಿರಬೇಕಿತ್ತು, ನಾನು ಅಲ್ಲಿ ಓದಿದ್ದು ಅಜ್ಜಿ ಮನೆಯ ಕ್ಯಾಲೆಂಡರ್ ಮಾತ್ರ. ಮೂರು ರಾಜ್ಯಗಳ ಜೊತೆ ನಂಟಿಟ್ಟುಕೊಂಡು ಒಂದಕ್ಕೂ ಸೇರದವಳಾಗಿ ನಾನು ಮೊಸರನ್ನದಲ್ಲಿ ಬೆರಳಾಡಿಸುತ್ತ ಕೂತಿದ್ದೆ. ದೇಶದ ಎಲ್ಲರಿಗೂ ಒಟ್ಟಾಗಿ ಇಡುವ ಅಖಿಲ ಭಾರತ ಸೀಟುಗಳಷ್ಟೇ ನನ್ನ ಪಾಲಿಗೆ ಉಳಿದವು. ಅಲ್ಲಿ ನನ್ನ ರ‍್ಯಾಂಕಿಗೆ ಬೆಲೆ ಅಷ್ಟಕ್ಕಷ್ಟೇ. ದೆಹಲಿ ಕೋಟಾದಲ್ಲಾಗಿದ್ದರೆ ಸೀಟು ಗ್ಯಾರಂಟಿ ಇತ್ತು ಎಂದು ರಘು ಮಾಮ ಬಾಯಿ ತಪ್ಪಿ ಹೇಳಿ ನಾಲಿಗೆ ಕಚ್ಚಿಕೊಂಡ.

ಅಮ್ಮ ಎದ್ದು ಮೊಳೆಯಿಂದ ಫೈಲು ಕಿತ್ತುಕೊಂಡಳು. ಹಾಳೆ ತಿರುವಿ ಆ ಆದೇಶವನ್ನು ಹುಡುಕಿ ಅಪ್ಪನ ತಟ್ಟೆಯ ಮುಂದೆ ಇಟ್ಟಳು.

“ಓದ್ರೀ, ನೀವೇ ಬರೆದಿರೋದು. ಬಾಧಕವಿಲ್ಲ! ಊರಿಗೆಲ್ಲ ರೂಲ್ಸ್ ಹೇಳ್ಕೊಂಡು ತಿರುಗ್ತೀರಲ್ಲ, ಇರೋ ಒಬ್ಬ ಮಗಳ ರೂಲ್ ನೋಡೋಕೆ ಆಗ್ಲಿಲ್ವಾ ನಿಮಗೆ?”

ಅಪ್ಪ ಫೈಲು ಮುಚ್ಚಿ ಮತ್ತೆ ಮೊಳೆಗೆ ನೇತುಹಾಕಿದರು. ಅಮ್ಮ ಅಂದಿನಿಂದ ಬೆಳಿಗ್ಗೆ ಕಾಫಿ ಕೊಡುವಾಗ, ಡಬ್ಬಿ ಕಟ್ಟುವಾಗ, ದೀಪ ಹಚ್ಚುವಾಗ, ಹೊತ್ತು ಗೊತ್ತಿಲ್ಲದೆ ಅದನ್ನೇ ಹೇಳುತ್ತಿದ್ದಳು. ಅವಳದು ಸುಮ್ಮನೆ ಸಿಟ್ಟಲ್ಲ, ಭಯ. ಮಗಳು ಮನೆಯಿಂದ ಆಸ್ಪತ್ರೆಗೆ ಬಿಳಿ ಕೋಟು ಹಾಕಿಕೊಂಡು ಮೆಟ್ರೋದಲ್ಲಿ ಹೋಗಿ ಬರುತ್ತಾಳೆ, ಬಂದಾಗ ಬಿಸಿ ಅನ್ನ ಬಡಿಸಬೇಕು ಎಂದು ಎರಡು ವರ್ಷ ಕನಸು ಕಂಡವಳು. ನಾನು ಕೋಣೆ ಸೇರಿ ಪುಸ್ತಕ ಮುಖಕ್ಕೆ ಹಿಡಿದುಕೊಂಡಿರುತ್ತಿದ್ದೆ. ಪರೀಕ್ಷೆ ಮುಗಿದು ತಿಂಗಳಾಗಿತ್ತು, ಓದಲು ಏನೂ ಇರಲಿಲ್ಲ.

ಅಪ್ಪ ಕೈಕಟ್ಟಿ ಕೂರುವವರಲ್ಲ. ರಜೆ ಹಾಕಿ ಮೂರು ಪುಟದ ಮನವಿ ತಯಾರಿಸಿದರು, ಭತ್ಯೆಯ ಸುತ್ತೋಲೆಯನ್ನೂ ಲಗತ್ತಿಸಿದರು. ನನ್ನನ್ನು ಕರೆದುಕೊಂಡು ಸೀಟು ಹಂಚುವ ದೆಹಲಿಯ ಕೌನ್ಸೆಲಿಂಗ್ ಕಚೇರಿಗೆ ಹೋದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ. ಜೂನ್ ಕೊನೆಯ ಬಿಸಿಲಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಂತೆವು. ತಮ್ಮ ಕೋಣೆಯ ಹೊರಗೆ ಜನರನ್ನು ನಿಲ್ಲಿಸುವ ಅಪ್ಪ ಆ ಕಚೇರಿಯ ಕಿಟಕಿಯ ಕಂಬಿಗೆ ಮುಖ ಹಚ್ಚಿ ನಿಂತದ್ದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ಒಳಗೆ ಕೂತ ಗುಮಾಸ್ತ ಚಿಕ್ಕ ವಯಸ್ಸಿನವನು. ಮೊದಲ ಪುಟ ಅರ್ಧ ಓದಿ ನಕ್ಕ.

“ಅಂಕಲ್ ಜೀ, ಭತ್ತಾ ಅಲಗ್ ಹೈ, ಸೀಟ್ ಅಲಗ್ ಹೈ.”

ಭತ್ಯೆ ಬೇರೆ, ಸೀಟು ಬೇರೆ. ಅಷ್ಟೇ. ಅಪ್ಪ ಮತ್ತೂ ವಾದಿಸಲು ಹೋದಾಗ ಅವನು, ಗಡಿಯ ಆಚೆಯ ಶಾಲೆಗಳು ಹನ್ನೊಂದನೇ ಕ್ಲಾಸಿನಲ್ಲೇ ಮಕ್ಕಳಿಗೆ ನೋಟಿಸ್ ಕೊಟ್ಟು ಪೋಷಕರ ಸಹಿ ತರಿಸುತ್ತವಲ್ಲ, ನಿಮಗೆ ಬರಲಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ಅಪ್ಪ ನನ್ನ ಕಡೆ ತಿರುಗಿದರು.

“ಪುಟ್ಟೀ, ಅಂಥದ್ದೇನಾದ್ರೂ ಕೊಟ್ಟಿದ್ರಾ?”

“ಇಲ್ಲಪ್ಪ.”

ಅಷ್ಟು ಸಲೀಸಾಗಿ ಬಂತು ಆ ‘ಇಲ್ಲ’. ಅಪ್ಪ ಕಿಟಕಿಗೆ ತಿರುಗಿ, ಎದೆ ಸೆಟೆಸಿ, ಅದುವರೆಗಿನ ವಿನಯವನ್ನೆಲ್ಲ ಬಿಟ್ಟು, “ಮೇರೀ ಬೇಟೀ ಝೂಠ್ ನಹೀಂ ಬೋಲ್ತೀ” ಎಂದರು. ನನ್ನ ಮಗಳು ಸುಳ್ಳು ಹೇಳುವುದಿಲ್ಲ. ಸಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು.

ವಾಪಸು ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿತು. ಅಪ್ಪ ಕೂತ ತಕ್ಷಣ ಪೆನ್ನು ತೆಗೆದು ಮನವಿಯ ಹಿಂಬದಿಯಲ್ಲಿ ಶಾಲೆಯ ಮೇಲೆ ದೂರು ಬರೆಯಲು ಶುರು ಮಾಡಿದರು. ಪ್ರಿನ್ಸಿಪಾಲರಿಗೆ ಒಂದು ಪ್ರತಿ, ಬೋರ್ಡಿಗೆ ಒಂದು. ನೋಟಿಸ್ ಕೊಡಬೇಕಾಗಿದ್ದ ಮೇಡಂ ಹೆಸರೇನು ಎಂದು ಕೇಳಿದರು. ಮೇಡಂ ಕೆಲಸಕ್ಕೇ ಸಂಚಕಾರ ಬರುತ್ತದೆ ಎಂದು ಆಗ ಹೊಳೆಯಿತು. ಬದರ್‌ಪುರ್ ದಾಟಿ ರೈಲು ಹರಿಯಾಣಕ್ಕೆ ಬಂದಿತ್ತು.

“ಅಪ್ಪ, ಬರೀಬೇಡಿ. ನೋಟಿಸ್ ಕೊಟ್ಟಿದ್ರು. ನಿಮ್ಮ ಸೈನ್ ನಾನೇ ಹಾಕಿ ಕೊಟ್ಟೆ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಎರಡು ಸ್ಟೇಷನ್ ಹೋಯಿತು.

“ಯಾವ ತಿಂಗಳು?”

“ಜುಲೈ.”

“ಜುಲೈನಲ್ಲಿ ವಾಪಸ್ ಸೇರಿಸ್ಬಹುದಿತ್ತು,” ಎಂದರು, ನನಗಲ್ಲ, ತಮಗೇ. ಆಮೇಲೆ, “ಯಾಕೆ ಪುಟ್ಟೀ?”

ಹೇಳಿದೆ. ಮೂಗು ಮುಚ್ಚಿಕೊಂಡವರನ್ನು, ಬೆಂಚು ಬದಲಾಯಿಸಿದವರನ್ನು, ರಿತುವನ್ನು, ಎಲ್ಲ ಹೇಳಿ ಮುಗಿಸಿದಾಗ ಅತ್ತುಕೊಂಡಿದ್ದೆ. ಎದುರಿಗೆ ಕೂತ ಹೆಂಗಸು ಅಪ್ಪನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಳು. ಅವರು ಬೈಯಲಿಲ್ಲ. ಬೈದಿದ್ದರೆ ನಾನು ಇವತ್ತು ಇಷ್ಟು ಬರೆಯಬೇಕಿರಲಿಲ್ಲವೇನೋ.

“ಆರು ವರ್ಷ. ಅದನ್ನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?”

ನಮ್ಮ ಸ್ಟೇಷನ್ನಿನಲ್ಲಿ ಇಳಿದು ಆಟೋಗೆ ಕಾಯುವಾಗ ಮತ್ತೆ ಬಾಯಿ ತೆರೆದರು.

“ಅಮ್ಮಂಗೆ ಇದನ್ನ ಹೇಳ್ಬೇಡ. ನೀನು ಎಲ್ಲೋ ದೂರ ಹೋಗೋಳು. ಸಿಟ್ಟು ಮಾಡ್ಕೊಂಡು ಕಳಿಸ್ಬಾರ್ದು ಅವಳು. ನನ್ನ ಮೇಲಾದ್ರೆ ಪರವಾಗಿಲ್ಲ, ನಾನು ಇಲ್ಲೇ ಇರ್ತೀನಿ. ಹೇಗಿದ್ರೂ ಆರ್ಡರ್ ಬರ್ದೋನು ನಾನೇ ಅಲ್ವಾ?”

ಹೂಂ ಎಂದೆ. ಮನಸ್ಸು ಹಗುರವಾಯಿತು. ಅಪ್ಪ ನನ್ನನ್ನು ಕ್ಷಮಿಸಿದರು ಎಂದಲ್ಲ, ಅಮ್ಮನಿಂದ ತಪ್ಪಿಸಿಕೊಂಡೆ ಎಂದು. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಮುಂದಿನ ಭಾನುವಾರ ಪಟ್ಟಿ ತಯಾರಾಯಿತು. ರಘು ಮಾಮ ಹಿಂದಿನ ವರ್ಷಗಳಲ್ಲಿ ಯಾವ ಕಾಲೇಜು ಯಾವ ರ‍್ಯಾಂಕಿಗೆ ಮುಗಿದಿತ್ತೆಂದು ನೋಡಿ ಮೂರು ಬಣ್ಣ ಬಳಿದಿದ್ದ. ಕೆಂಪು ಬರಲ್ಲ, ಹಳದಿ ಬಂದರೂ ಬರಬಹುದು, ಹಸಿರು ಬರುತ್ತೆ. ಅಮ್ಮ ಹೇಳಿದವೆಲ್ಲ ಕೆಂಪು: ದೆಹಲಿಯವು, ಚಂಡೀಗಢದ್ದು, ಬೆಂಗಳೂರಿನದು.

“ಅಕ್ಕ, ಇದು ಲಿಸ್ಟ್ ಅಲ್ಲ, ಹರಕೆ. ಮೇಲೆ ನಾಲ್ಕು ಹಾಕೋಣ, ನಷ್ಟ ಇಲ್ಲ. ಆದ್ರೆ ಕೆಳಗೆ ಬರೋವಂಥವು ಇರ್ಲೇಬೇಕು. ಇಲ್ದಿದ್ರೆ ಕೈಗೆ ಚಿಪ್ಪು.”

ಹಸಿರಿದ್ದ ಊರುಗಳ ಹೆಸರನ್ನು ಅಮ್ಮ ಕೇಳಿಯೂ ಇರಲಿಲ್ಲ. ಎರಡು ದಿನದ ಪ್ರಯಾಣ, ಗೊತ್ತಿಲ್ಲದ ಭಾಷೆ. ಬೇಡವೇ ಬೇಡ, ಇನ್ನೊಂದು ವರ್ಷ ಮನೆಯಲ್ಲೇ ಕೂತು ಓದಲಿ ಎಂದಳು. ಆಗ ಅಪ್ಪ ತಮ್ಮ ಕೈಬರಹದ ಒಂದು ಹಾಳೆ ತೆಗೆದರು. ಹಸಿರು ಬಣ್ಣದ ಪ್ರತಿ ಊರಿಗೂ ಯಾವ ರೈಲು, ವಾರಕ್ಕೆಷ್ಟು ದಿನ, ಹಾಸ್ಟೆಲ್ ಸ್ಟೇಷನ್ನಿನಿಂದ ಎಷ್ಟು ದೂರ, ಹತ್ತಿರದಲ್ಲಿ ಅವರ ಇಲಾಖೆಯ ಕಚೇರಿ ಇದೆಯೇ, ಅಲ್ಲಿ ಕನ್ನಡದವರು ಯಾರಾದರೂ ಇದ್ದಾರೆಯೇ. ವಾರವಿಡೀ ಆಫೀಸಿನಿಂದ ಫೋನು ಮಾಡಿ ಕೇಳಿದ್ದರು.

“ಮುಂದಿನ ವರ್ಷ ಬರೆದ್ರೂ ಕೋಟಾ ವಾಪಸ್ ಬರಲ್ಲ, ಸರೋಜ. ಓದೋಳು ಓದ್ಲಿ. ಇವೆಲ್ಲ ಹಾಕು, ರಘು.”

“ನೀವು ಬಾಯಿ ಮುಚ್ಚಿರಿ. ನೀವು ಮಾಡಿದ್ದು ಸಾಲದಾ? ಈ ಗತಿ ತಂದಿಟ್ಟಿದ್ದು ಯಾರು?”

“ನಾನೇ. ತಪ್ಪು ನನ್ನದೇ.”

ಅಪ್ಪ ಅದನ್ನು ನನ್ನ ಕಡೆ ನೋಡದೆ ಹೇಳಿದರು. ರಘು ಮಾಮ ಕೀಬೋರ್ಡು ಕುಟ್ಟುತ್ತಿದ್ದ. ನಾನು ಪರದೆಯ ಮೇಲಿನ ಹಸಿರು ಸಾಲುಗಳನ್ನು ಎಣಿಸುತ್ತಿದ್ದೆ. ಸಂಜೆಯೊಳಗೆ ಪಟ್ಟಿ ಲಾಕ್ ಆಯಿತು. ಪಟ್ಟಿಯ ಮೂವತ್ತೆಂಟನೆಯ ಕಾಲೇಜು ಬಂತು, ದೇಶದ ಪೂರ್ವದಂಚಿನ ಒಂದು ಸಣ್ಣ ಪಟ್ಟಣದ್ದು. ಅಮ್ಮ ಚಟ್ನಿಪುಡಿ, ಸಾರಿನಪುಡಿ, ಅರ್ಧ ಡಬ್ಬಿ ಕೊಬ್ಬರಿ ಮಿಠಾಯಿ ಕಟ್ಟಿ, ಕೆನ್ನೆ ಸವರಿ, ಸ್ವಲ್ಪವೂ ಸಿಟ್ಟಿಲ್ಲದೆ ನನ್ನನ್ನು ಕಳಿಸಿದಳು. ಸ್ಟೇಷನ್ನಿನಲ್ಲಿ ಅಪ್ಪನ ಜೊತೆ ಮಾತ್ರ ಅವಳು ಮಾತಾಡಲಿಲ್ಲ.

ಚೆನ್ನಾಗಿಯೇ ಓದಿದೆ. ಒಳ್ಳೆಯ ಕಾಲೇಜು, ಒಳ್ಳೆಯ ಮೇಷ್ಟ್ರುಗಳು, ನಾನು ಡಾಕ್ಟರಾದದ್ದಕ್ಕೆ ಯಾವ ಕೊರತೆಯೂ ಆಗಲಿಲ್ಲ. ಆದರೆ ಅಮ್ಮನ ಪಾಲಿಗೆ ನಾನು ಮನೆಯಲ್ಲಿರಬೇಕಾಗಿದ್ದ ವರ್ಷಗಳು ಕಳೆದುಹೋದವು, ಕಳೆದವರು ಅಪ್ಪ. ರಜೆಗೆ ಬಂದಾಗೆಲ್ಲ ಊಟಕ್ಕೆ ಕೂತರೆ ಒಂದಲ್ಲ ಒಂದು ನೆಪಕ್ಕೆ ಅದು ಬರುತ್ತಿತ್ತು. ಮಗಳು ಸಣ್ಣಗಾಗಿದ್ದಾಳೆ, ಇವರ ದೆಸೆಯಿಂದ. ಮಗಳಿಗೆ ಜ್ವರ ಬಂದಾಗ ಯಾರೂ ಇರಲಿಲ್ಲ, ಇವರ ದೆಸೆಯಿಂದ. ನನ್ನ ಮದುವೆಗೆ ಬಂದ ಬೀಗರ ಮುಂದೆಯೂ ಹೇಳಿದಳು. ಒಂದೆರಡು ಸಲ ನಾನು ಬಾಯಿ ತೆರೆದದ್ದುಂಟು. ಅಪ್ಪ ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿ, ಹುಳಿ ಬಡಿಸು ಎನ್ನುತ್ತಿದ್ದರು. ನಾನು ಬಡಿಸುತ್ತಿದ್ದೆ.

ಅಪ್ಪ ಹೋಗಿ ಮೂರು ವರ್ಷವಾಯಿತು. ಅಮ್ಮ ಈಗ ನೋಯ್ಡಾದಲ್ಲಿ ನನ್ನ ಜೊತೆಗಿದ್ದಾಳೆ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಇಬ್ಬರೇ ಊಟಕ್ಕೆ ಕೂತಿದ್ದಾಗ ಪಕ್ಕದ ಮನೆಯ ಹುಡುಗಿಯ ಕಾಲೇಜಿನ ಮಾತು ಬಂತು. ಅಮ್ಮ ಎಂದಿನಂತೆ ಶುರು ಮಾಡಿ, ನಡುವೆ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಎಷ್ಟು ಅಂದೆ ಕಣೇ ಅವರಿಗೆ. ಒಂದು ಸಲ ತಿರುಗಿ ಮಾತಾಡ್ಲಿಲ್ಲ ಪುಣ್ಯಾತ್ಮ. ಪಾಪ, ಮಾಡಿದ ತಪ್ಪು ಒಳಗೊಳಗೇ ಕೊರೀತಿತ್ತೇನೋ.”

ತಡೆಯುವವರು ಎದುರಿಗಿರಲಿಲ್ಲ. ಚೀಟಿ, ಸಹಿ, ಜುಲೈ, ಕಚೇರಿಯ ಕಿಟಕಿ, ಮೆಟ್ರೋ, ಎಲ್ಲವನ್ನೂ ಹೇಳಿದೆ. ಅಮ್ಮ ಕಲಸಿದ ಅನ್ನ ಹಾಗೇ ಬಿಟ್ಟು ಕೇಳಿದಳು. ಸಿಟ್ಟು ಬರುತ್ತದೆ ಎಂದು ಕಾದೆ, ಬರಲಿಲ್ಲ.

“ಅಂದ್ರೆ ಅವರಿಗೆ ಗೊತ್ತಿತ್ತು.”

“ಗೊತ್ತಿತ್ತಮ್ಮ. ಲಿಸ್ಟ್ ಮಾಡೋ ಮುಂಚೆಯಿಂದ್ಲೂ.”

ಅವಳು ತನ್ನ ಕೈ ನೋಡಿಕೊಂಡಳು. ಅನ್ನ ಬೆರಳಿಗೆ ಒಣಗುತ್ತಿತ್ತು.

“ನಾನು ಅಷ್ಟು ವರ್ಷ ಬೈಯೋವಾಗ,” ಎಂದಳು, “ನೀನು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೆಯಲ್ಲೇ.”

“ಹೂಂ ಅಮ್ಮ,” ಎಂದೆ. “ಪಕ್ಕದಲ್ಲೇ ಕೂತಿದ್ದೆ.”